ಖಾಲಿ ಜಾಗ, ಖುಲ್ಲಾ ಜಾಗೆ, ಬಿಟ್ಟ ಸ್ಥಳ: ಯಾವುದಕ್ಕೆ ಯಾವ ಮಾತು?

ಪ್ರಶ್ನೆ: ನಾನು ಗದಗ ಜಿಲ್ಲೆಯವನು, ಕೆಲಸದ ನಿಮಿತ್ತ ಪುಣೆಯಲ್ಲಿದ್ದೇನೆ. ಊರಿನಲ್ಲಿ ತಂದೆಯವರ ಹೆಸರಿನಲ್ಲಿರುವ ಒಂದು ಜಾಗವನ್ನು ಮಾರಬೇಕೆಂದಿದ್ದೇವೆ. ಹಳೆಯ ಕಾಗದದಲ್ಲಿ ಅದನ್ನು ‘ಖುಲ್ಲಾ ಜಾಗೆ’ ಎಂದು ಬರೆದಿದ್ದಾರೆ. ‘ಖಾಲಿ ಜಾಗ ಮಾರಾಟಕ್ಕಿದೆ’ ಎಂದು ಫಲಕ ಬರೆಸಲು ಹೊರಟಾಗ ಹಿರಿಯರೊಬ್ಬರು, ‘ಖಾಲಿ ಕನ್ನಡವಲ್ಲ, ಬರಿದು ಎಂದು ಬರೆಸು’ ಎಂದು ತಿದ್ದಿದರು. ಮಗಳ ಪುಸ್ತಕದಲ್ಲಿ ‘ಬಿಟ್ಟ ಸ್ಥಳ’ ಎಂದಿದೆ, ಪತ್ರಿಕೆಯಲ್ಲಿ ‘ತೆರವಾದ ಸ್ಥಾನ’ ಎಂದಿರುತ್ತದೆ. ಇವೆಲ್ಲ ಒಂದೇ ಅರ್ಥದ ಮಾತುಗಳೇ? ಖಾಲಿ ಎಂಬುದನ್ನು ಬಳಸಿದರೆ ತಪ್ಪೇ? ಜಾಗದಲ್ಲಿ ಸದ್ಯ ಚಿಕ್ಕಪ್ಪನವರ ಮೇವಿನ ಬಣವಿಯೊಂದನ್ನು ಬಿಟ್ಟರೆ ಬೇರೇನೂ ಇಲ್ಲ.

ಉತ್ತರ: ‘ಬರಿದು ಜಾಗ’ ಎಂದು ಮಾತ್ರ ಬರೆಸಬೇಡಿ. ಓದಿದವರು ಆ ನೆಲದಲ್ಲಿ ಹುಲ್ಲೂ ಹುಟ್ಟುವುದಿಲ್ಲವೇನೋ ಎಂದುಕೊಂಡಾರು. ‘ಖಾಲಿ ಜಾಗ’ ಎಂಬುದು ಒಳ್ಳೆಯ ಕನ್ನಡ. ಆದರೆ ನಿಮ್ಮ ಜಾಗಕ್ಕೆ ಅದು ಇವತ್ತಿನ ಮಟ್ಟಿಗೆ ಪೂರ್ತಿ ಹೊಂದುವುದಿಲ್ಲ. ಏಕೆಂಬುದು ನೀವು ಕೊನೆಯಲ್ಲಿ ಬರೆದ ಬಣವಿಯಲ್ಲೇ ಅಡಗಿದೆ. ಅಲ್ಲಿಗೆ ಹೋಗುವ ಮೊದಲು ಈ ಪದಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡೋಣ. ಧಾರವಾಡದಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದವನು ನಾನು. ಪದಗಳ ಅರ್ಥವನ್ನು ನಿಘಂಟಿನಲ್ಲಿ ನೋಡಿದ್ದಕ್ಕಿಂತ ಹೆಚ್ಚಾಗಿ ಬಸ್ಸಿನಲ್ಲಿ, ಸಂತೆಯಲ್ಲಿ, ಅಡುಗೆಮನೆಯಲ್ಲಿ ಕಿವಿಗೊಟ್ಟು ಕಲಿತಿದ್ದೇನೆ.

ಹುಬ್ಬಳ್ಳಿಯ ಬಸ್ ನಿಲ್ದಾಣಕ್ಕೆ ಗದಗದ ಬಸ್ ಬಂದು ನಿಲ್ಲುವ ಹೊತ್ತನ್ನು ನೆನಪಿಸಿಕೊಳ್ಳಿ. ಇಳಿಯುವವರು ಇನ್ನೂ ಬಾಗಿಲಲ್ಲಿರುವಾಗಲೇ ಕಿಟಕಿಯಿಂದ ಟವೆಲು, ಕೈಚೀಲ, ಮಡಿಸಿದ ಪತ್ರಿಕೆ ಒಳಗೆ ಬೀಳುತ್ತವೆ. ನೀವು ಹತ್ತಿ, ‘ಈ ಸೀಟು ಖಾಲಿ ಇದೆಯೇ?’ ಎಂದು ಕೇಳುತ್ತೀರಿ. ಸೀಟಿನ ಮೇಲೆ ಒಂದು ಟವೆಲು ಬಿಟ್ಟರೆ ಯಾರೂ ಇಲ್ಲ. ಆದರೂ ಪಕ್ಕದವರು ‘ಖಾಲಿ ಇಲ್ಲ, ಬರುವವರಿದ್ದಾರೆ’ ಎನ್ನುತ್ತಾರೆ. ನಿಮಗೆ ಸಿಟ್ಟು ಬರಬಹುದು, ಆದರೆ ಅವರು ಪದವನ್ನು ತಪ್ಪಾಗಿ ಬಳಸಿದರು ಎಂದು ಅನ್ನಿಸುವುದಿಲ್ಲ. ಕಂಡಕ್ಟರ್ ಮಾತ್ರ ಕಾಲಿಡಲು ಸ್ಥಳವಿಲ್ಲದ ಬಸ್ಸಿನಲ್ಲೂ ‘ಹಿಂದೆ ಖಾಲಿ ಇದೆ, ಹಿಂದಕ್ಕೆ ನಡೆಯಿರಿ’ ಎನ್ನುತ್ತಾನೆ. ಅವನ ಲೆಕ್ಕದಲ್ಲಿ ಇನ್ನೂ ನಾಲ್ಕು ಜನರಿಗೆ ಅಲ್ಲಿ ಸ್ಥಳವಿದೆ.

ಲೆಕ್ಕ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಏನೂ ಇಲ್ಲದ ಕಡೆಗಳನ್ನೆಲ್ಲ ನಾವು ಖಾಲಿ ಎನ್ನುವುದಿಲ್ಲ. ಯಾವುದೋ ಒಂದು ವಸ್ತುವಿಗಾಗಿ, ಒಬ್ಬ ವ್ಯಕ್ತಿಗಾಗಿ ಲೆಕ್ಕ ಹಿಡಿದು ಇಟ್ಟ ಜಾಗವಿರಬೇಕು. ಬರಬೇಕಾದದ್ದು ಅಲ್ಲಿ ಸದ್ಯ ಇರಬಾರದು. ಆಗ ಅದು ಖಾಲಿ. ಖಾಲಿ ಕೊಡ, ಖಾಲಿ ಹುದ್ದೆ, ಖಾಲಿ ಹಾಳೆ, ಖಾಲಿ ಕುರ್ಚಿ, ಖಾಲಿ ನಿವೇಶನ ಎಲ್ಲಕ್ಕೂ ಒಂದು ಅಂಚಿದೆ, ಅಂಚಿನೊಳಗೆ ಏನು ಬರಬೇಕೆಂಬುದು ನಮಗೆ ಗೊತ್ತಿದೆ. ಆಕಾಶವನ್ನು ಸುಮ್ಮನೆ ಖಾಲಿ ಎನ್ನುವುದಿಲ್ಲ. ಆದರೆ ಮೃಗಶಿರಾ ಕಳೆದು ಆರಿದ್ರೆ ಬಂದರೂ ಮೋಡ ಕಾಣದಿದ್ದರೆ, ಬಿತ್ತಿ ಕುಳಿತ ರೈತ ಮೇಲೆ ನೋಡಿ ‘ಆಕಾಶ ಖಾಲಿ ಇದೆ’ ಎನ್ನುತ್ತಾನೆ. ಮೋಡಕ್ಕೆ ಕಾಯುವವನಿಗಷ್ಟೇ ಆಕಾಶ ಖಾಲಿಯಾಗಿ ಕಾಣುತ್ತದೆ.

ಈ ಅರ್ಥವನ್ನು ನನಗೆ ಚೆನ್ನಾಗಿ ತಿಳಿಸಿಕೊಟ್ಟದ್ದು ತಬಲಾ. ನಮ್ಮ ಕಡೆ ಹಿಂದೂಸ್ತಾನಿ ಸಂಗೀತ ಮನೆಮನೆಯ ಸಂಗತಿ. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು ಬಾಳಿದ ನೆಲವಿದು. ಇಲ್ಲಿ ತಬಲಾ ಕಲಿಯುವ ಮಗು ಮೊದಲು ಕಲಿಯುವ ಪದಗಳಲ್ಲಿ ‘ಖಾಲಿ’ ಒಂದು. ತೀನ್‌ತಾಳ ಎಂಬ ತಾಳದ ಒಂದು ಸುತ್ತಿನಲ್ಲಿ ಹದಿನಾರು ಮಾತ್ರೆ, ಅಂದರೆ ಎಣಿಕೆ. ಒಂದನೆಯದು ಸಮ್, ಸುತ್ತು ಶುರುವಾಗುವ ಮಾತ್ರೆ; ಐದನೆಯದಕ್ಕೂ ಹದಿಮೂರನೆಯದಕ್ಕೂ ಚಪ್ಪಾಳೆ. ನಡುವಿನ ಒಂಬತ್ತನೆಯ ಮಾತ್ರೆ ಖಾಲಿ. ಅಲ್ಲಿ ಅಂಗೈಗೆ ಅಂಗೈ ತಟ್ಟುವುದಿಲ್ಲ, ಕೈಯನ್ನು ಪಕ್ಕಕ್ಕೆ ಬೀಸುತ್ತಾರೆ. ಹೊಸದಾಗಿ ಕಲಿಯುವ ಮಕ್ಕಳು ಮಾಡುವ ತಪ್ಪೊಂದಿದೆ: ಚಪ್ಪಾಳೆ ಇಲ್ಲದ ಮೇಲೆ ಅಲ್ಲಿ ಏನೂ ಇಲ್ಲವೆಂದುಕೊಂಡು ಒಂಬತ್ತನ್ನು ನುಂಗಿ ಮುಂದಕ್ಕೆ ಓಡುತ್ತಾರೆ. ಮತ್ತೆ ಸಮ್ಮಿಗೆ ಬರುವಷ್ಟರಲ್ಲಿ ಹಾಡು ಒಂದು ಕಡೆ, ತಾಳ ಇನ್ನೊಂದು ಕಡೆ. ಗುರುಗಳು ಆಗ, ‘ಖಾಲಿಯನ್ನೂ ಎಣಿಸು’ ಎನ್ನುತ್ತಾರೆ.

ತಬಲಾದಲ್ಲಿ ಖಾಲಿ ಮೌನವೂ ಅಲ್ಲ. ‘ಧಾ ಧಿನ್ ಧಿನ್ ಧಾ’ ಎಂದು ತುಂಬಿ ಬರುತ್ತಿದ್ದ ಠೇಕಾ, ಅಂದರೆ ತಾಳದ ನುಡಿಗಟ್ಟು, ಆ ಭಾಗದಲ್ಲಿ ‘ತಿನ್ ತಿನ್ ತಾ’ ಆಗುತ್ತದೆ. ಎಡಗೈಯ ಡಗ್ಗಾದ ಗುಂಯ್ ಎಂಬ ನಾದ ಹಿಂದಕ್ಕೆ ಸರಿಯುತ್ತದೆ. ನಿಮ್ಮೂರಿನ ಹತ್ತಿರವೇ ಇರುವ ಗದಗದ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿದ್ದೀರಲ್ಲವೇ? ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಸ್ಥಳ. ಕಣ್ಣು ಕಾಣದ ವಿದ್ಯಾರ್ಥಿಗೆ ಗುರುಗಳು ಬೀಸುವ ಕೈ ಕಾಣುವುದಿಲ್ಲ. ತುಂಬಿದ ನಾದ ಇಳಿದದ್ದನ್ನು ಕೇಳಿಯೇ ಅವನು ಖಾಲಿಯನ್ನು ಗುರುತಿಸಬೇಕು. ರೂಪಕ್ ತಾಳದಲ್ಲಂತೂ ಮೊದಲ ಮಾತ್ರೆಯೇ ಖಾಲಿ. ಏಳು ಮಾತ್ರೆಗಳ ಆವರ್ತನ ಅಲ್ಲಿಂದಲೇ ಹೊರಟು ಅಲ್ಲಿಗೇ ಮರಳುತ್ತದೆ. ದಕ್ಷಿಣದ ಕರ್ನಾಟಕ ಸಂಗೀತದವರು ಹೀಗೆ ಬೀಸುವ ಕೈಗೆ ‘ಹುಸಿ’ ಎನ್ನುತ್ತಾರೆ: ಒಂದು ಪೆಟ್ಟು, ಒಂದು ಹುಸಿ. ಅದೂ ಅಚ್ಚಗನ್ನಡದ ಒಳ್ಳೆಯ ಮಾತೇ. ಆದರೂ ಹುಸಿ ಎಂದರೆ ಸುಳ್ಳು ಎಂಬ ನೆರಳು ಬೀಳುತ್ತದೆ. ಖಾಲಿಗೆ ಆ ನೆರಳಿಲ್ಲ, ಹಾಗಾಗಿ ಈ ಒಂದು ಕಡೆ ನನ್ನ ಮನಸ್ಸು ಖಾಲಿಯ ಕಡೆಗೇ.

ಇನ್ನು ನಿಮ್ಮ ಹಿರಿಯರ ಆಕ್ಷೇಪಣೆ. ಖಾಲಿ ಹುಟ್ಟಿನಿಂದ ಅರಬ್ಬಿ ಪದ. ಪಾರಸಿಯ ಮೂಲಕ ಹಿಂದೂಸ್ತಾನಿಗೆ, ದಖನಿಗೆ, ಅಲ್ಲಿಂದ ನಮಗೆ ಬಂದಿದೆ. ನಮ್ಮ ಭಾಗವನ್ನು ಬಿಜಾಪುರದ ಆದಿಲಶಾಹಿ, ಸವಣೂರಿನ ನವಾಬರು, ಪೇಶ್ವೆಗಳು ಆಳಿದರು. ಆಮೇಲೆ 1956ರವರೆಗೆ ಮುಂಬಯಿ ಪ್ರಾಂತ್ಯದ ಆಡಳಿತ. ಕಚೇರಿಯ ಭಾಷೆಯಲ್ಲಿ ಪಾರಸಿ, ಮರಾಠಿ ತುಂಬಿಕೊಂಡದ್ದು ಹೀಗೆ. ಬಾಕಿ, ಜಪ್ತಿ, ಕಬ್ಜಾ, ಖರ್ಚು, ಜಮಾ ಎಲ್ಲ ಆ ದಾರಿಯವೇ. ಕೇಳಲು ಖಾಲಿಯ ಬಂಧುಗಳಂತಿರುವ ಕೆಲವು ಪದಗಳು ಬಂಧುಗಳಲ್ಲ. ಖಲಾಸ್, ಖುಲಾಸೆ, ಖಾಲಸಾ ಮೂರೂ ಬೇರೊಂದು ಅರಬ್ಬಿ ಧಾತುವಿನ ಮಕ್ಕಳು. ಶುದ್ಧವಾಗುವುದು, ಬಿಡುಗಡೆಯಾಗುವುದು ಆ ಧಾತುವಿನ ಅರ್ಥ. ಖುಲ್ಲಾ ಅರಬ್ಬಿಯೇ ಅಲ್ಲ. ಹಿಂದಿಯ ‘ಖುಲ್‌ನಾ’, ಅಂದರೆ ತೆರೆದುಕೊಳ್ಳುವುದು, ಅದರ ಬಳಗ. ನಿಮ್ಮ ಕಾಗದಕ್ಕೆ ಈ ವ್ಯತ್ಯಾಸ ಮುಖ್ಯ, ನೆನಪಿನಲ್ಲಿಡಿ.

ಮರಾಠಿಯಿಂದಲೇ ಖಾಲಿ ಬಂತು ಎಂದು ಕೆಲವರು ಹೇಳುತ್ತಾರೆ. ನೀವು ಪುಣೆಯಲ್ಲಿದ್ದೀರಿ, ನಿಮಗೇ ಗೊತ್ತು. ಅಲ್ಲಿ ‘ಖಾಲೀ ಯಾ’ ಎಂದರೆ ಕೆಳಗೆ ಬನ್ನಿ ಎಂದು. ನಮ್ಮ ಖಾಲಿಗೆ ಅಲ್ಲಿನ ದಿನಬಳಕೆಯ ಮಾತು ‘ರಿಕಾಮಾ’. ಅದು ‘ರಿಕಾಮಿ’ಯಾಗಿ ನಮ್ಮಲ್ಲಿಗೂ ಬಂದಿದೆ, ಆದರೆ ಕೊಡಕ್ಕೆ, ಡಬ್ಬಿಗೆ ಅಂಟಲಿಲ್ಲ, ಮನುಷ್ಯರಿಗೆ ಅಂಟಿತು. ಕೆಲಸವಿಲ್ಲದೆ ಕಟ್ಟೆಯ ಮೇಲೆ ಕುಳಿತವನನ್ನು ಹುಬ್ಬಳ್ಳಿಯಲ್ಲಿ ರಿಕಾಮಿ ಕುಳಿತಿದ್ದಾನೆ ಎಂದರೆ ಅದರಲ್ಲಿ ಒಂದು ಬೈಗುಳವಿದೆ. ಖಾಲಿ ಕುಳಿತಿದ್ದಾನೆ ಎಂದರೆ ಪಾಪ, ಕೆಲಸ ಸಿಕ್ಕಿಲ್ಲ ಎಂಬ ಮರುಕಕ್ಕೂ ಎಡೆಯಿದೆ.

ಹುಟ್ಟು ಎಲ್ಲಿಯದೇ ಇರಲಿ, ಕನ್ನಡಕ್ಕೆ ಬಂದ ಮೇಲೆ ಈ ಪದ ಏನು ಮಾಡಿದೆ ನೋಡಿ. ‘ಡಬ್ಬಿ ಖಾಲಿಯಾಯಿತು’ ಎನ್ನುತ್ತೇವೆ. ‘ಸಕ್ಕರೆ ಖಾಲಿಯಾಯಿತು’ ಎಂದೂ ಎನ್ನುತ್ತೇವೆ. ಎರಡನೆಯ ವಾಕ್ಯವನ್ನು ನಿಧಾನವಾಗಿ ಇನ್ನೊಮ್ಮೆ ಓದಿ. ಖಾಲಿಯಾದದ್ದು ಡಬ್ಬಿ, ಸಕ್ಕರೆ ತೀರಿಹೋಯಿತಷ್ಟೇ. ಹಿಂದಿಯವರು ಡಬ್ಬಿಗೆ ಖಾಲಿ ಎನ್ನುತ್ತಾರೆ, ಸಕ್ಕರೆಗೆ ‘ಖತ್ಮ್’ ಎನ್ನುತ್ತಾರೆ. ಮರಾಠಿಯವರು ಸಕ್ಕರೆ ‘ಸಂಪಲೀ’ ಎನ್ನುತ್ತಾರೆ. ಕನ್ನಡದವರಾದ ನಾವು ಪಾತ್ರೆಗೆ ಸೇರಿದ ಪದವನ್ನು ಪಾತ್ರೆಯಲ್ಲಿದ್ದ ವಸ್ತುವಿಗೂ ಧಾರಾಳವಾಗಿ ಕೊಟ್ಟೆವು. ಹಣ ಖಾಲಿ, ಗ್ಯಾಸ್ ಖಾಲಿ, ಮೊಬೈಲ್ ಚಾರ್ಜ್ ಖಾಲಿ, ಸಾರು ಖಾಲಿ. ನಮ್ಮದೇ ಆದ ‘ತೀರಿತು’ ಎಂಬ ಪದ ಇತ್ತಲ್ಲ, ಏಕೆ ಹೀಗಾಯಿತು? ‘ತೀರಿಕೊಂಡರು’ ಎಂಬುದು ಸಾವಿನ ಮಾತೂ ಆದ್ದರಿಂದ ಅಡುಗೆಮನೆಯಲ್ಲಿ ಅದನ್ನು ಆಡಲು ನಾಲಗೆ ಹಿಂಜರಿದಿರಬೇಕು ಎಂಬುದು ನನ್ನ ಊಹೆ. ಕಾರಣ ಏನೇ ಇರಲಿ, ಸಾಲದ ಪದವನ್ನು ಸಾಲ ಕೊಟ್ಟವರಿಗೇ ಇಲ್ಲದ ಅರ್ಥದಲ್ಲಿ ದುಡಿಸಿಕೊಂಡ ಮೇಲೆ ಅದು ನಮ್ಮದೇ. ‘ಸಕ್ಕರೆ ಬರಿದಾಯಿತು’ ಎಂದು ನಿಮ್ಮ ಹಿರಿಯರೂ ಮನೆಯಲ್ಲಿ ಹೇಳುತ್ತಿರಲಾರರು.

ಬರಿದು ಎಂಬುದರ ಮೇಲೆ ನನಗೆ ಅಪಾರ ಪ್ರೀತಿಯಿದೆ, ಹಾಗಾಗಿಯೇ ಅದನ್ನು ಖಾಲಿಯ ಬದಲಿಯಾಗಿ ಸಿಕ್ಕಲ್ಲೆಲ್ಲ ಹಚ್ಚುವುದನ್ನು ಕಂಡರೆ ನೋವಾಗುತ್ತದೆ. ಹಳಗನ್ನಡದಲ್ಲಿ ಅದು ‘ಬಱಿದು’, ಈಗ ಬಳಕೆಯಿಂದ ಹೋದ ಱಕಾರದ್ದು. ತಮಿಳಿನ ‘ವಱಿದು’ ಅದರ ಒಡಹುಟ್ಟು. ಅಲ್ಲಿ ‘ವಱುಮೈ’ ಎಂದರೆ ಬಡತನ. ನಮ್ಮ ಬರ, ಬರಡು ಕೂಡ ಹಿಂದೆ ಇದೇ ಱಕಾರದಿಂದ ಬರೆಯುತ್ತಿದ್ದ ಪದಗಳು, ಮತ್ತು ಕಿವಿಗೆ ಬರಿದು ಎಂದು ಬಿದ್ದಾಗ ಅವುಗಳ ಒಣಗಾಳಿಯೂ ಜೊತೆಗೆ ಬೀಸುತ್ತದೆ. ಇದ್ದದ್ದು ಹೋಯಿತು, ಮತ್ತೆ ಬರುವ ಭರವಸೆ ಕಡಿಮೆ ಎಂಬ ದನಿ ಅದು. ಬೇಸಿಗೆಯಲ್ಲಿ ಬಾವಿ ಬರಿದಾಗುತ್ತದೆ, ಕೆರೆ ಬತ್ತುತ್ತದೆ, ಕೊಡ ಖಾಲಿಯಾಗುತ್ತದೆ. ನಲ್ಲಿಯಲ್ಲಿ ನೀರು ಬರುವ ದಿನ ಹುಬ್ಬಳ್ಳಿಯ ಓಣಿಗಳಲ್ಲಿ ಸಾಲಾಗಿ ಇಟ್ಟಿರುತ್ತಾರಲ್ಲ, ಆ ಕೊಡಗಳು ಖಾಲಿ. ಅವನ್ನು ಬರಿದಾದ ಕೊಡಗಳು ಎಂದು ಯಾರಾದರೂ ಬರೆದರೆ ಆ ದಿನ ನೀರು ಬರಲಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ.

‘ಬರಿ’ ಎಂದು ಪದದ ಮುಂದೆ ಬಂದಾಗ ಅರ್ಥ ಇನ್ನೊಂದು ಕಡೆ ತಿರುಗುತ್ತದೆ. ಬರಿಗಾಲು, ಬರಿಮೈ, ಬರಿತಲೆ. ಇಲ್ಲಿ ಕಾಲಿನೊಳಗೆ ಏನೋ ಇಲ್ಲವೆಂದಲ್ಲ. ಮೇಲೆ ಇರಬೇಕಾದದ್ದು ಇಲ್ಲ. ಖಾಲಿಗೆ ಒಳಗಿನ ಚಿಂತೆ, ಬರಿಗೆ ಮೇಲಿನ, ಜೊತೆಗಿನ ಚಿಂತೆ. ‘ಬರಿಗೈ’ ಎಂಬ ಒಂದೇ ಪದದಲ್ಲಿ ಮೂರು ಮಾತಿದೆ: ಬಳೆಯಿಲ್ಲದ ಕೈ, ಆಯುಧವಿಲ್ಲದ ಕೈ, ಉಡುಗೊರೆಯಿಲ್ಲದ ಕೈ. ಬಾಣಂತಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎಂದು ನನ್ನ ತಾಯಿ ಹೇಳುತ್ತಿದ್ದರು. ಖಾಲಿ ಕೈ ಎಂದರೆ ಈ ಮೂರೂ ಹೋಗಿ, ಜೇಬಿನಲ್ಲಿ ದುಡ್ಡಿಲ್ಲ ಎಂಬ ಒಂದೇ ಅರ್ಥ ಉಳಿಯುತ್ತದೆ. ಎರಡು ಪದಗಳ ದಾರಿ ಒಂದೇ ಕಡೆ ಕೂಡುತ್ತದೆ, ‘ಮಾತ್ರ’ ಎಂಬ ಅರ್ಥದಲ್ಲಿ. ‘ಬರಿ ಚಹಾ ಕುಡಿದು ಬಂದೆ’ ಎಂದರೂ ಸರಿ, ‘ಖಾಲಿ ಚಹಾ ಕುಡಿದು ಬಂದೆ’ ಎಂದರೂ ಸರಿ, ಉಪ್ಪಿಟ್ಟು ಸಿಗಲಿಲ್ಲ. ದಾವಣಗೆರೆಯ ಖಾಲಿ ದೋಸೆ ಈ ಅರ್ಥದ್ದೇ; ಬೆಣ್ಣೆ ದೋಸೆ ಇರುವ ಊರಿನಲ್ಲಿ ಮಾತ್ರ ಆ ಹೆಸರಿಗೆ ಬೆಲೆ.

ನಮ್ಮ ಮನೆಗಳಲ್ಲಿ ಹೆಂಗಸರು ಈ ಪದಗಳ ವಿಷಯದಲ್ಲಿ ಬಹಳ ಎಚ್ಚರದಿಂದ ಇರುತ್ತಿದ್ದರು. ಬರಿ ತೊಟ್ಟಿಲು ತೂಗಬಾರದು. ಹೊರಗೆ ಹೊರಟಾಗ ಖಾಲಿ ಕೊಡ ಎದುರಿಗೆ ಬರಬಾರದು. ಅಕ್ಕಿ ಮುಗಿದರೂ ‘ಖಾಲಿ’ ಎನ್ನದೆ ‘ಅಕ್ಕಿ ಹೆಚ್ಚಾಗಿದೆ, ತರಬೇಕು’ ಎನ್ನುವುದು. ನನಗೆ ಏಳೆಂಟು ವರ್ಷವಿದ್ದಾಗ ನೆರೆಮನೆಯವರು ಶೇಂಗಾ ಹೋಳಿಗೆ ಕಳಿಸಿದ ಹಿತ್ತಾಳೆಯ ಡಬ್ಬಿಯನ್ನು ಮರಳಿ ಕೊಡಲು ಅಜ್ಜಿ ನನ್ನನ್ನು ಕಳಿಸಿದರು. ಬಾಗಿಲು ದಾಟಿದ್ದೆ, ಮತ್ತೆ ಕರೆದರು. ತೊಳೆದು ಒರೆಸಿದ ಡಬ್ಬಿಯ ತಳದಲ್ಲಿ ಒಂದು ಹಿಡಿ ಸಕ್ಕರೆ ಹಾಕಿ, ಮುಚ್ಚಳವನ್ನು ಅಂಗೈಯಿಂದ ಒತ್ತಿ, ‘ಈಗ ಹೋಗು’ ಎಂದರು. ಆ ಮನೆಯಾಕೆ ಮುಚ್ಚಳ ತೆಗೆಯದೆಯೇ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿ, ಸಕ್ಕರೆಯ ಸದ್ದು ಕೇಳಿ ನಕ್ಕರು. ಉಡಿ ತುಂಬುವ ನಾಡು ನಮ್ಮದು. ತವರಿನಿಂದ ಹೊರಟ ಮಗಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಖಣ ಬೀಳದೆ ಅವಳು ಹೊಸ್ತಿಲು ದಾಟುವುದಿಲ್ಲ. ಅಂಚಿರುವ ಯಾವುದನ್ನೂ ತುಂಬದೆ ಕಳಿಸಬಾರದೆಂಬ ಈ ಕಾಳಜಿ ನಿಘಂಟಿನಲ್ಲಿ ಸಿಗುವುದಿಲ್ಲ, ಆದರೆ ಖಾಲಿ ಎಂದಾಗ ನಮ್ಮ ಜನರ ಕಿವಿಗೆ ಏನು ಕೇಳಿಸುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

‘ತೆರವು’ ತೆರೆ ಎಂಬ ಕ್ರಿಯೆಯ ಬಳಗದ್ದು, ಹಳೆಯ ‘ತೆರಪು’ ಅದರ ಸೋದರ. ಇಲ್ಲಿ ಯಾರೋ ಎದ್ದು ಹೋಗಿರಬೇಕು, ಇಲ್ಲವೇ ಯಾವುದನ್ನೋ ಎತ್ತಿ ಹಾಕಿರಬೇಕು. ಶಾಸಕರ ನಿಧನದಿಂದ ತೆರವಾದ ಸ್ಥಾನ ಎನ್ನುತ್ತೇವೆ. ಇಲಾಖೆಯಲ್ಲಿ ಹೊಸದಾಗಿ ಮಂಜೂರಾಗಿ ಯಾರೂ ಇನ್ನೂ ಸೇರದ ಹುದ್ದೆ ಖಾಲಿ ಹುದ್ದೆಯೇ ಹೊರತು ತೆರವಾದ ಹುದ್ದೆಯಲ್ಲ. ಪತ್ರಿಕೆಗಳಲ್ಲಿ ಒಂದು ವ್ಯತ್ಯಾಸವನ್ನು ಉಪಸಂಪಾದಕರು ಜಾಗ್ರತೆಯಿಂದ ಕಾಪಾಡಬೇಕು. ‘ಅಂಗಡಿ ಖಾಲಿ ಮಾಡಿಸಿದರು’ ಎಂದರೆ ಸಾಮಾನು ಹೊರಗೆ ಹೋಯಿತು, ಅಂಗಡಿ ನಿಂತಿದೆ. ‘ಅಂಗಡಿ ತೆರವು ಮಾಡಿಸಿದರು’ ಎಂದರೆ ಅಂಗಡಿಯೇ ಹೋಯಿತು. ಹುಬ್ಬಳ್ಳಿ–ಧಾರವಾಡ ರಸ್ತೆ ಅಗಲವಾದಾಗ ಎಷ್ಟೋ ಕಟ್ಟಡಗಳಿಗೆ ಮೊದಲು ಒಂದು ಮಾತು, ಆಮೇಲೆ ಇನ್ನೊಂದು ಮಾತು ಅನ್ವಯವಾಯಿತು. ಬಾಡಿಗೆಯವನಿಗೆ ‘ಮನೆ ತೆರವು ಮಾಡು’ ಎಂದು ಬರೆದ ನೋಟಿಸು ಕಂಡಿದ್ದೇನೆ. ಆ ಬಡಪಾಯಿ ಮನೆಯನ್ನು ಕೆಡವಬೇಕೇ?

ಹೊಲಕ್ಕೆ ಬಂದರೆ ಭಾಷೆ ಇನ್ನೂ ಸೂಕ್ಷ್ಮ. ಹತ್ತಿಯ ಎರಡು ಸಾಲುಗಳ ನಡುವಿನ ನೆಲದಲ್ಲಿ ಏನೂ ಬೆಳೆದಿರುವುದಿಲ್ಲ. ಅದನ್ನು ನಮ್ಮ ರೈತ ಖಾಲಿ ಎಂದು ಕನಸಿನಲ್ಲೂ ಕರೆಯುವುದಿಲ್ಲ. ಅದು ‘ಎಡೆ’. ಎತ್ತು ನಡೆಯಲು, ಬೇರು ಹರಡಲು, ಕಳೆ ಕೀಳಲು ಬೇಕೆಂದೇ ಬಿಟ್ಟದ್ದು. ಅದಕ್ಕಾಗಿಯೇ ಎಡೆಕುಂಟೆ ಎಂಬ ಸಾಧನವಿದೆ, ಎಡೆ ಹೊಡೆಯುವುದು ಎಂಬ ಕೆಲಸವಿದೆ. ಅದೇ ಸಾಲಿನೊಳಗೆ ಬೀಜ ಮೊಳೆಯದೆ ಒಂದು ಗೇಣು ಬಿಟ್ಟುಹೋದರೆ, ‘ಅಲ್ಲಿ ಖಾಲಿ ಬಿದ್ದಿದೆ’ ಎಂದು ಬೀಜ ಹಿಡಿದು ಓಡುತ್ತಾನೆ. ಎಡೆಯಲ್ಲಿರುವ ಮಣ್ಣೇ ಇಲ್ಲೂ ಇದೆ, ಏನೂ ಇಲ್ಲದಿರುವುದೂ ಅಷ್ಟೇ; ಲೆಕ್ಕ ಬೇರೆ. ಹೊಲ ಬಿತ್ತದೆ ಬಿಟ್ಟರೆ ಅದು ಬೀಳು. ಇಡೀ ಗದಗದ ಸೀಮೆ ಕಣ್ಣು ಹಾಯುವವರೆಗೂ ಬಯಲು. ತಮಿಳಿನಲ್ಲಿ ‘ವಯಲ್’ ಎಂದರೆ ಗದ್ದೆ. ನಮ್ಮ ಬಯಲಿಗೆ ಗೋಡೆಯಿಲ್ಲ, ಅಂಚಿಲ್ಲ, ಹಾಗಾಗಿ ಅದು ಖಾಲಿಯಾಗಲಾರದು. ಗುಟ್ಟು ಬಯಲಾಗುತ್ತದೆ, ಆಟ ಬಯಲಾಟವಾಗುತ್ತದೆ. ವಚನಕಾರರು ಪರತತ್ವವನ್ನು ಹೇಳಲು ಬಯಲು ಎಂಬ ಪದಕ್ಕೇ ಕೈಹಾಕಿದರು. ಅಂಚಿಲ್ಲದ್ದನ್ನು ಹೇಳಲು ನಮ್ಮ ನೆಲದಲ್ಲಿ ಇದಕ್ಕಿಂತ ಹತ್ತಿರದ ಮಾತು ಇನ್ನಾವುದಿತ್ತು?

ಹಗೇವು ನೆನಪಿದೆಯೇ? ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಜೋಳ ಕೂಡಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಮೇಲೆ ಒಬ್ಬ ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಹೊಟ್ಟೆ ಅಗಲ. ಅದನ್ನು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಕೆಟ್ಟ ಗಾಳಿ ಇನ್ನೂ ಇದೆ ಎಂದರ್ಥ. ಕಾಳು ಉಸಿರಾಡಿ ಆಮ್ಲಜನಕ ಕಳೆದು, ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಂತಿರುತ್ತದೆ. ಅವಸರದಲ್ಲಿ ಇಳಿದವರು ಮೇಲೆ ಬಾರದೆ ಹೋದದ್ದುಂಟು. ಜೋಳ ತೆಗೆದ ಹಗೇವನ್ನು ಮನೆಯವರು ಖಾಲಿ ಎನ್ನುತ್ತಿದ್ದರು, ಕೊಲ್ಲುವ ಗಾಳಿ ತುಂಬಿದ್ದರೂ. ಹಗೇವಿನ ಲೆಕ್ಕದಲ್ಲಿರುವುದು ಜೋಳ ಮಾತ್ರ, ಗಾಳಿ ಅಲ್ಲ.

ಟೊಳ್ಳು, ಜೊಳ್ಳು, ಪೊಳ್ಳು ಬೇರೆಯೇ ಜಾತಿಯವು. ಹೊರಗಿನಿಂದ ತುಂಬಿದಂತೆ ಕಂಡು ಒಳಗೆ ಇಲ್ಲದಿರುವುದು ಅವುಗಳ ಗುಣ. ಕಣದಲ್ಲಿ ತೂರಿದಾಗ ಗಟ್ಟಿ ಕಾಳು ಕಾಲಬುಡದಲ್ಲಿ ಬಿದ್ದು ಜೊಳ್ಳು ದೂರ ಹಾರುತ್ತದೆ. ಖಾಲಿ ಯಾರನ್ನೂ ಮೋಸ ಮಾಡುವುದಿಲ್ಲ, ಆದ್ದರಿಂದ ‘ಖಾಲಿ ಭರವಸೆ’ ಎಂದು ಈಚೆಗೆ ಬರೆಯುವುದನ್ನು ನಾನು ಒಪ್ಪಲಾರೆ. ಅದು ಪೊಳ್ಳು ಭರವಸೆ.

ಮಗಳ ಪುಸ್ತಕದ ‘ಬಿಟ್ಟ ಸ್ಥಳ’ ಸರಿಯಾದ ಮಾತು. ವಾಕ್ಯ ಬರೆದವರು ಒಂದು ಪದವನ್ನು ಬೇಕೆಂದೇ ಬಿಟ್ಟಿದ್ದಾರೆ, ಮಗು ತುಂಬಲಿ ಎಂದು. ಬಿಟ್ಟವರ ಉದ್ದೇಶ ಪದದಲ್ಲೇ ಕಾಣುತ್ತದೆ. ಅರ್ಜಿಯಲ್ಲಿ ‘ಈ ಸ್ಥಳವನ್ನು ಖಾಲಿ ಬಿಡಿ’ ಎಂದಿರುವುದೂ ಸರಿಯೇ. ಅವಳ ಗಣಿತದ ಪುಸ್ತಕದಲ್ಲಿ ಇದರ ಇನ್ನೊಂದು ರೂಪವಿದೆ. 205 ಎಂದು ಬರೆದಾಗ ಹತ್ತರ ಮನೆಯಲ್ಲಿ ಏನೂ ಇಲ್ಲ. ಆದರೂ ಅಲ್ಲಿ ಸೊನ್ನೆ ಕುಳಿತು ಮನೆಯನ್ನು ಕಾಯುತ್ತದೆ. ಕಾಯದಿದ್ದರೆ ಸಂಖ್ಯೆ 25 ಆಗಿಬಿಡುತ್ತದೆ. ಸಂಸ್ಕೃತದ ಶೂನ್ಯವೇ ಪ್ರಾಕೃತದ ದಾರಿಯಲ್ಲಿ ತೇಯ್ದು ನಮ್ಮಲ್ಲಿ ಸೊನ್ನೆಯಾಯಿತು. ತಬಲಾದ ಒಂಬತ್ತನೆಯ ಮಾತ್ರೆಯನ್ನೂ ಈ ಸೊನ್ನೆಯನ್ನೂ ಅವಳಿಗೆ ಒಟ್ಟಿಗೆ ತೋರಿಸಿ, ಬೇಗ ಹಿಡಿಯುತ್ತಾಳೆ.

ಬರವಣಿಗೆಯ ಬಗ್ಗೆ ಒಂದು ಮಾತು. ಆಡುವಾಗ ನಾವೆಲ್ಲ ಮಹಾಪ್ರಾಣ ಬಿಟ್ಟು ‘ಕಾಲಿ’ ಎಂದೇ ಆಡುತ್ತೇವೆ, ಅದಕ್ಕೆ ನಾಚಬೇಕಿಲ್ಲ. ಬರೆಯುವಾಗ ಮಾತ್ರ ಖಾಲಿ ಎಂದೇ ಬರೆಯಿರಿ. ಕಾಲಿ ಎಂದರೆ ಮುಕ್ಕಾಲಿಯ ಕಾಲಿ.

ಈಗ ನಿಮ್ಮ ಜಾಗ. ಖುಲ್ಲಾ ಎಂದರೆ ತೆರೆದದ್ದು, ಮೇಲೆ ಕಟ್ಟಡವಿಲ್ಲದ್ದು. ಅಲ್ಲಿ ಚಕ್ಕಡಿ ನಿಂತಿರಲಿ, ಕಟ್ಟಿಗೆ ಒಟ್ಟಿರಲಿ, ಬಣವಿ ಇರಲಿ, ಅದು ಖುಲ್ಲಾ ಜಾಗೆಯೇ. ಬೀಗ ಹಾಕಿದ ಮನೆ ಖಾಲಿ ಇರಬಹುದು, ಖುಲ್ಲಾ ಆಗುವುದಿಲ್ಲ. ಹಾಗೆಯೇ ಖುಲ್ಲಾ ಜಾಗೆಯಲ್ಲಿ ಇನ್ನೊಬ್ಬರ ಮೇವು ಇದ್ದರೆ ಅದು ಖಾಲಿಯಲ್ಲ. ಇದನ್ನು ಬರಿ ಪದದ ಜಿಜ್ಞಾಸೆ ಎಂದುಕೊಳ್ಳಬೇಡಿ. ಕೊಳ್ಳಲು ಬಂದವರು ಫಲಕದಲ್ಲಿ ‘ಖಾಲಿ’ ಎಂದು ಓದಿ, ಎದುರಿಗೆ ಬಣವಿ ಕಂಡು, ಇದು ಯಾರದು, ಅವರಿಗೇನು ಹಕ್ಕು ಎಂದು ಮೊದಲು ಕೇಳುತ್ತಾರೆ. ಆದ್ದರಿಂದ ಪತ್ರ ಮಾಡಿಸುವಾಗ ಹಳೆಯ ಕಾಗದದ ‘ಖುಲ್ಲಾ ಜಾಗೆ’ಯನ್ನು ತಿದ್ದಲು ಹೋಗಬೇಡಿ, ಅದು ಇದ್ದಂತೆಯೇ ಇರಲಿ. ಫಲಕದಲ್ಲಿ ಖಾಲಿ ನಿವೇಶನ ಎಂದೇ ಬರೆಸಿ. ಆದರೆ ಬರೆಸುವ ಮೊದಲು ಊರಿಗೆ ಹೋಗಿ ಚಿಕ್ಕಪ್ಪನವರನ್ನು ಕಂಡು, ಈ ಸುಗ್ಗಿ ಮುಗಿಯುವುದರೊಳಗೆ ಬಣವಿಯನ್ನು ತೆರವು ಮಾಡಲು ಕೇಳಿಕೊಳ್ಳಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ.